ಹೊಸ ಉಪ್ಪುನೀರಿನ ಟ್ಯಾಂಕಿಗೆ ಪಾಚಿ ಬಂದಾಗ: ಬಾಟಲಿ ತರುವ ಮುಂಚೆ ಗುರುತು ಹಿಡಿಯಿರಿ

ಟ್ಯಾಂಕಿಗೆ ಉಪ್ಪುನೀರು ತುಂಬಿ ಮೂರು ವಾರ ಆಗಿತ್ತು. ಬೆಳಿಗ್ಗೆ ಲೈಟ್ ಹಾಕಿದರೆ, ನಿನ್ನೆಯವರೆಗೆ ಬೆಳ್ಳಗಿದ್ದ ಮರಳಿನ ಮೇಲೆ ಯಾರೋ ಕಾಫಿಪುಡಿ ಉದುರಿಸಿದ ಹಾಗೆ ಕಂದು ಬಣ್ಣ. ಎರಡೇ ದಿನದಲ್ಲಿ ಕಲ್ಲಿಗೂ ಗಾಜಿಗೂ ಅದೇ ಹಬ್ಬಿತು. ಅಂಗಡಿಯವರಿಗೆ ಫೋಟೋ ಕಳಿಸಿದೆ. ‘ಪಾಚಿ ಸಾರ್, ಕಾಮನ್ನು. ಒಂದು ಬಾಟಲಿ ಕೊಡ್ತೀನಿ, ಹಾಕಿ’ ಅಂದರು. ಹಾಕಿದೆ. ಅದರ ಫಲ ಕಾಣುವ ಮೊದಲೇ ಇನ್ನೊಂದು ತಂದೆ, ಆಮೇಲೆ ಮತ್ತೊಂದು. ಎರಡನೇ ತಿಂಗಳು ಮುಗಿಯುವಷ್ಟರಲ್ಲಿ ಆ ಕಾಫಿಪುಡಿ ಹೋಗಿತ್ತು, ನಿಜ. ಅದರ ಜಾಗದಲ್ಲಿ ಸಿಂಬಳದಂಥ ಕಂದು ಲೋಳೆ ಜೋತುಬಿದ್ದಿತ್ತು, ಐದು ಬಸವನಹುಳು ಸತ್ತಿದ್ದವು.

ಬಂದಿರುವುದು ಏನು ಅಂತ ನೋಡದೆ ಮದ್ದು ಸುರಿದದ್ದು ನನ್ನ ತಪ್ಪು. ನಾವು ಪಾಚಿ, ಹಾವಸೆ ಅಂತ ಒಟ್ಟಿಗೆ ಕರೆಯುವುದರಲ್ಲಿ ಸಂಬಂಧವೇ ಇಲ್ಲದ ನಾಲ್ಕೈದು ಜೀವಿಗಳಿವೆ. ಒಂದಕ್ಕೆ ಸುಮ್ಮನೆ ಕಾಯುವುದೇ ಮದ್ದು. ಇನ್ನೊಂದಕ್ಕೆ ನೀರಿನಲ್ಲಿರುವ ಪೋಷಕಾಂಶ (ನೈಟ್ರೇಟ್, ಫಾಸ್ಫೇಟ್) ಇಳಿಸಬೇಕು. ಮತ್ತೊಂದು, ಪೋಷಕಾಂಶ ಪೂರ್ತಿ ಇಳಿದ ಟ್ಯಾಂಕಿನಲ್ಲೇ ಮೆರೆಯುತ್ತದೆ. ಮೊದಲನೆಯದೂ ಕೊನೆಯದೂ ನೋಡಲು ಒಂದೇ ಕಂದು ಬಣ್ಣ, ಅಲ್ಲೇ ಎಲ್ಲರೂ ಎಡವುವುದು.

ಮುಟ್ಟಿ ನೋಡಿ, ಗಡಿಯಾರವನ್ನೂ ನೋಡಿ

ಬೇಕಾದದ್ದು ಒಂದು ಹಳೆ ಹಲ್ಲುಜ್ಜುವ ಬ್ರಷ್, ಕೈಗವಸು, ಟಾರ್ಚ್. ನೀರು ತಿರುಗಿಸುವ ಪಂಪುಗಳನ್ನು ಐದು ನಿಮಿಷ ನಿಲ್ಲಿಸಿ ಬ್ರಷ್‌ನಿಂದ ಮೆಲ್ಲಗೆ ಸವರಿ.

ಹೊಗೆಯ ಹಾಗೆ ಎದ್ದು ನೀರಿನಲ್ಲಿ ಕರಗಿಹೋದರೆ ಅದು ಡಯಾಟಮ್ ಎಂಬ ಏಕಕೋಶ ಪಾಚಿ. ಕಾಯಿಸಿದ ಹಾಲಿನ ಕೆನೆಯಂತೆ ಹಾಳೆ ಹಾಳೆಯಾಗಿ ಎದ್ದು ಬಂದರೆ, ಬಣ್ಣ ಕೆಂಪು ಅಥವಾ ನೇರಳೆಯತ್ತ ಇದ್ದರೆ, ಅದು ಸಯನೋಬ್ಯಾಕ್ಟೀರಿಯಾ. ಕೈಗೆ ತೆಗೆದು ಮೂಸಿ ನೋಡಿದರೆ ನಾತವೂ ಇರುತ್ತದೆ. ಹಸಿರು ಎಳೆ ಕಲ್ಲಿಗೆ ಬೇರು ಬಿಟ್ಟಂತೆ ಅಂಟಿಕೊಂಡು, ಎಳೆದರೆ ಅರ್ಧ ಕಿತ್ತು ಬಂದು ಅರ್ಧ ಅಲ್ಲೇ ಉಳಿದರೆ ಕೂದಲು ಪಾಚಿ. ಬ್ರಷ್‌ಗೆ ಸುತ್ತಿಕೊಂಡು ದಾರದಂತೆ ಉದ್ದಕ್ಕೆ ಎಳೆಯುವ ಲೋಳೆ, ಅದರ ತುದಿಗಳಲ್ಲಿ ಗುಂಡುಸೂಜಿಯ ತಲೆಯಷ್ಟು ಗಾಳಿಗುಳ್ಳೆಗಳು ಕಂಡರೆ ಡೈನೋಫ್ಲಾಜೆಲ್ಲೇಟ್ (ಈಜಬಲ್ಲ ಏಕಕೋಶ ಜೀವಿ) ಇರುವ ಸಾಧ್ಯತೆ ಹೆಚ್ಚು. ಹವ್ಯಾಸಿಗಳ ಬಾಯಲ್ಲಿ ಅದು ಬರೀ ಡೈನೋ.

ಆದರೆ ಗುಳ್ಳೆ ಸಯನೋಗೂ ಬರುತ್ತದೆ. ಅದಕ್ಕೇ ಗಡಿಯಾರ ಬೇಕು. ಬೆಳಿಗ್ಗೆ ಲೈಟ್ ಹೊತ್ತುವ ಮುಂಚೆ ಟಾರ್ಚ್ ಬಿಟ್ಟು ನೋಡಿ, ಮಧ್ಯಾಹ್ನ ಮೂರಕ್ಕೆ ಮತ್ತೆ ನೋಡಿ. ಡೈನೋ ಆದರೆ ಬೆಳಿಗ್ಗೆ ಮರಳು ಹೆಚ್ಚುಕಡಿಮೆ ಶುಭ್ರವಾಗಿರುತ್ತದೆ, ಮಧ್ಯಾಹ್ನಕ್ಕೆ ಲೋಳೆ ವಾಪಸ್. ಡಯಾಟಮ್ ಹಗಲೂ ರಾತ್ರಿ ಒಂದೇ ಸಮ ಇರುತ್ತದೆ. ನಾನು ಕೆಲಸಕ್ಕೆ ಹೋಗುವಾಗ ನೋಡಿ ‘ಇವತ್ತು ಕಮ್ಮಿಯಾಗಿದೆ’ ಅಂದುಕೊಂಡು, ಸಂಜೆ ಬಂದು ತಲೆ ಮೇಲೆ ಕೈ ಹೊತ್ತು ಕೂತದ್ದು ಎರಡು ವಾರ.

ಇನ್ನೂ ಅನುಮಾನವಿದ್ದರೆ ಬಾಟಲಿ ಪರೀಕ್ಷೆ ಮಾಡಿ. ಟ್ಯಾಂಕಿನ ನೀರಿನ ಜೊತೆ ಸ್ವಲ್ಪ ಲೋಳೆಯನ್ನು ಸಣ್ಣ ಪಾರದರ್ಶಕ ಬಾಟಲಿಗೆ ತುಂಬಿ, ಲೋಳೆ ಪೂರ್ತಿ ಒಡೆಯುವ ತನಕ ಕುಲುಕಿ. ಕಾಗದದ ಕಾಫಿ ಫಿಲ್ಟರ್‌ನಲ್ಲಿ ಸೋಸಿ (ನಮ್ಮ ಮನೆಗಳ ಸ್ಟೀಲ್ ಫಿಲ್ಟರ್ ಆಗದು, ತೂತು ದೊಡ್ಡದು, ಟಿಶ್ಯೂ ಕಾಗದ ಎರಡು ಮಡಿಕೆ ಮಾಡಿದರೆ ನಡೆಯುತ್ತದೆ). ಸೋಸಿದ ನೀರನ್ನು ಲೈಟಿನ ಕೆಳಗೆ ಒಂದು ಗಂಟೆ ಬಿಡಿ. ಬಿಡಿಬಿಡಿಯಾಗಿದ್ದದ್ದು ಮತ್ತೆ ಒಂದಕ್ಕೊಂದು ಅಂಟಿ ಎಳೆ ಕಟ್ಟಿದರೆ ಅದು ಡೈನೋ. ಈಜಿಕೊಂಡು ಬಂದು ಕೂಡಿಕೊಳ್ಳುವ ಶಕ್ತಿ ಡಯಾಟಮ್‌ಗೆ ಇಲ್ಲ.

ಮಗನ ಶಾಲೆಯ ಮೈಕ್ರೋಸ್ಕೋಪ್ ಮನೆಯಲ್ಲಿತ್ತು. 400 ಪಟ್ಟು ದೊಡ್ಡದಾಗಿ ನೋಡಿದಾಗ, ಎಳ್ಳಿನ ಆಕಾರದ ಕಂದು ಕಣಗಳು ಒಂದೊಂದೂ ತನ್ನ ಗೂಟಕ್ಕೆ ಕಟ್ಟಿದ ಗಾಣದೆತ್ತಿನ ಹಾಗೆ ಇದ್ದಲ್ಲೇ ಸುತ್ತುತ್ತಿದ್ದವು. ಹಾಗೆ ಸುತ್ತುವುದು ಆಸ್ಟ್ರಿಯಾಪ್ಸಿಸ್ ಎಂಬ ಡೈನೋ. ಹೆಸರು ಬಾಯಿಪಾಠ ಮಾಡಬೇಕಿಲ್ಲ, ಆದರೆ ಚಿಕಿತ್ಸೆಯ ಹೊತ್ತಿಗೆ ಈ ಸುತ್ತಾಟ ನೆನಪಿರಲಿ.

ಡಯಾಟಮ್: ಕೈಕಟ್ಟಿ ಕೂರುವ ಕಷ್ಟ

ಎರಡನೇ ವಾರದಿಂದ ಆರನೇ ವಾರದೊಳಗೆ ಬರುವ ಕಂದು ಪುಡಿ ಬಹುಪಾಲು ಇದೇ. ಡಯಾಟಮ್ ತನ್ನ ಸುತ್ತ ಸಿಲಿಕಾದ ಚಿಪ್ಪು ಕಟ್ಟಿಕೊಳ್ಳುತ್ತದೆ, ಅಂದರೆ ಗಾಜಿನ ಮನೆ. ಹೊಸ ಮರಳು, ಹೊಸ ಕಲ್ಲು, ನಲ್ಲಿ ನೀರು ಇವುಗಳಿಂದ ಬರುವ ಸಿಲಿಕೇಟ್ ಮುಗಿಯುವ ತನಕ ಇರುತ್ತದೆ, ಮುಗಿದರೆ ಬಂದಷ್ಟೇ ಬೇಗ ಹೋಗುತ್ತದೆ. ಮೇಲಿನ ಪದರ ಪೈಪಿನಿಂದ ಹೀರಿ ತೆಗೆಯಿರಿ, ಗಾಜು ಒರೆಸಿ, ಸುಮ್ಮನಿರಿ. ಎರಡರಿಂದ ನಾಲ್ಕು ವಾರ ಸಾಕು. ಅಷ್ಟರಲ್ಲಿ ಹೋಗದಿದ್ದರೆ ಸಿಲಿಕೇಟ್ ಪ್ರತಿದಿನ ಎಲ್ಲಿಂದಲೋ ಒಳಗೆ ಬರುತ್ತಿದೆ ಎಂದರ್ಥ. ಆ ‘ಎಲ್ಲಿಂದಲೋ’ ನನ್ನ ಮನೆಯಲ್ಲಿ ಅಡುಗೆಮನೆಯ ಗೋಡೆಯ ಮೇಲೇ ಇತ್ತು.

ಅಡುಗೆಮನೆಯ ಆರ್‌ಒ ನೀರು

ನಾನು ಉಪ್ಪು ಕಲಸುತ್ತಿದ್ದದ್ದು ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರದ ನೀರಿನಲ್ಲಿ. ಆರ್‌ಒ ಅಂದ ಮೇಲೆ ಶುದ್ಧವೇ ಎಂಬ ನಂಬಿಕೆ. ಕೊನೆಗೆ 200 ರೂಪಾಯಿಯ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಲವಣ ಅಳೆಯುವಂಥದ್ದು) ತಂದು ಲೋಟಕ್ಕೆ ಅದ್ದಿದರೆ 85. ಇರಬೇಕಾದದ್ದು ಸೊನ್ನೆ.

ಸರ್ವಿಸ್‌ಗೆ ಬಂದ ಹುಡುಗನನ್ನು ಕೇಳಿದೆ. ‘ಮೆಂಬ್ರೇನ್ ಚೆನ್ನಾಗೈತೆ ಸಾರ್. ಪೂರ್ತಿ ಸೊನ್ನೆ ಮಾಡಿದ್ರೆ ನೀರು ಸಪ್ಪೆ ಇರ್ತದೆ, ಕುಡಿಯೋಕಾಗಲ್ಲ’ ಎನ್ನುತ್ತಾ ಹಿಂಬದಿಯ ಮುಚ್ಚಳ ತೆಗೆದು ಒಂದು ಪುಟ್ಟ ತಿರುಪು ತೋರಿಸಿದ. ಟಿಡಿಎಸ್ ಕಂಟ್ರೋಲರ್ ಅಂದರೆ ಅದೇ. ಮೆಂಬ್ರೇನ್ (ನೀರು ಸೋಸುವ ಪೊರೆ) ದಾಟಿ ಬಂದ ಶುದ್ಧ ನೀರಿಗೆ, ಮೆಂಬ್ರೇನ್ ದಾಟದ ನೀರನ್ನು ರುಚಿಗೆ ಅಂತ ಬೆರೆಸುವ ವಾಲ್ವ್. ಅದರ ಮುಂದೆ ಮಿನರಲ್ ಕಾರ್ಟ್ರಿಡ್ಜ್ ಬೇರೆ. ಕುಡಿಯುವವರಿಗೆ ಇದರಿಂದ ತೊಂದರೆಯಿಲ್ಲ, ಟ್ಯಾಂಕಿಗೆ ಮಾತ್ರ ಇದೇ ಗೊಬ್ಬರ.

ಬೆಂಗಳೂರಿನ ಬೋರ್‌ವೆಲ್ ನೀರು ಯಾವ ಕಲ್ಲಿನ ಸಂದಿಯಿಂದ ಬರುತ್ತದೆ ನೋಡಬೇಕಾದರೆ ಲಾಲ್‌ಬಾಗಿನ ಬಂಡೆ ಹತ್ತಿ ನಿಂತರೆ ಸಾಕು. ಅದೇ ನೈಸ್ ಶಿಲೆ ಊರಿನ ತಳದಲ್ಲೆಲ್ಲ ಹಾಸಿದೆ, ಅದರ ತುಂಬ ಸಿಲಿಕಾ. ಅದರ ಜೊತೆಗೆ ಚರಂಡಿ ಮತ್ತು ಗೊಬ್ಬರದಿಂದ ಇಳಿಯುವ ನೈಟ್ರೇಟ್. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಲೀಟರಿಗೆ 45 ಮಿಲಿಗ್ರಾಂ ತನಕ ನೈಟ್ರೇಟ್ ಇರಬಹುದು ಎನ್ನುತ್ತದೆ. ನಮ್ಮ ಟ್ಯಾಂಕಿನಲ್ಲಿ ಅದು 5ರಿಂದ 10ರ ನಡುವೆ ಇದ್ದರೆ ಚೆನ್ನ. ಟ್ಯಾಂಕರ್ ನೀರು ಹಾಕಿಸುವವರಿಗಂತೂ ಇವತ್ತಿನ ನೀರು ನಾಳೆ ಇಲ್ಲ.

ಸ್ವಲ್ಪ ಲೆಕ್ಕ ಹಾಕಿ. 200 ಲೀಟರಿನ ಟ್ಯಾಂಕಿನಿಂದ ಬೇಸಿಗೆಯಲ್ಲಿ, ಮೇಲೆ ಫ್ಯಾನ್ ಇಟ್ಟರೆ, ದಿನಕ್ಕೆ 3 ಲೀಟರ್ ಆವಿಯಾಗುತ್ತದೆ ಎನ್ನೋಣ. ತಿಂಗಳಿಗೆ 90 ಲೀಟರ್ ಮೇಲಿನಿಂದ ತುಂಬುತ್ತೀರಿ. ಆ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಇದ್ದರೆ 900 ಮಿಲಿಗ್ರಾಂ ಒಳಗೆ ಹೋಯಿತು. ಆವಿಯಾಗುವುದು ನೀರು ಮಾತ್ರ, ನೈಟ್ರೇಟ್ ಅಲ್ಲೇ ಉಳಿಯುತ್ತದೆ. ಅಂದರೆ ಮೀನಿಗೆ ಒಂದು ಕಾಳೂ ಹಾಕದೆ ತಿಂಗಳಿಗೆ 4.5 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಏರಿಕೆ. ಸಿಲಿಕೇಟ್, ಫಾಸ್ಫೇಟ್‌ಗೂ ಇದೇ ಲೆಕ್ಕ.

ದುರಸ್ತಿ ದೊಡ್ಡದೇನಲ್ಲ. ಮೆಂಬ್ರೇನ್‌ನಿಂದ ಹೊರಬರುವ ಪೈಪಿಗೆ, ಮಿಶ್ರಣದ ವಾಲ್ವ್‌ಗಿಂತ ಮುಂಚೆ, ಒಂದು ಟೀ (ಪೈಪು ಕವಲೊಡೆಸುವ ಜೋಡಣೆ) ಹಾಕಿಸಿ ಟ್ಯಾಂಕಿಗೆ ಬೇರೆ ಲೈನ್ ತೆಗೆಸಿ. ಮೆಂಬ್ರೇನ್ ಒಂದೇ ನಂಬಿದರೆ ಗಡಸು ನೀರಿನಲ್ಲಿ ಟಿಡಿಎಸ್ ಇನ್ನೂ 30–40 ಉಳಿಯುತ್ತದೆ, ಆದ್ದರಿಂದ ಆ ಲೈನಿಗೆ ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದಿಡುವ ಹರಳು) ತುಂಬಿದ ಒಂದು ಕೊಳವೆ ಸೇರಿಸಿ. ಬಣ್ಣ ಬದಲಾಗುವ ರೆಸಿನ್ ಸಿಕ್ಕರೆ ಒಳ್ಳೆಯದು. ಒಂದು ಎಚ್ಚರಿಕೆ: ರೆಸಿನ್ ಸೋಲತೊಡಗಿದಾಗ ಮೊದಲು ತಪ್ಪಿಸಿಕೊಂಡು ಹೋಗುವುದು ಸಿಲಿಕಾವೇ, ಅದಕ್ಕೆ ವಿದ್ಯುದಂಶ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಟಿಡಿಎಸ್ ಮೀಟರಿಗೆ ಅದು ಕಾಣುವುದೂ ಇಲ್ಲ. ಮೀಟರ್ 0 ತೋರಿಸುತ್ತಿದ್ದರೂ ಕಂದು ಪುಡಿ ಮರಳಿದರೆ ರೆಸಿನ್ ಬದಲಿಸಿ.

ಮಂಗಳೂರು, ಉಡುಪಿ ಕಡೆಯವರು ‘ಮನೆ ಮುಂದೆಯೇ ಸಮುದ್ರ ಉಂಟಲ್ಲ, ಒಂದು ಕ್ಯಾನು ತಂದರೆ ಆಗದಾ’ ಅಂತ ಕೇಳುವುದುಂಟು. ಮಳೆಗಾಲದಲ್ಲೂ ಅದು ಮುಗಿದ ಕೂಡಲೂ ಬೇಡ. ನೇತ್ರಾವತಿಯಂಥ ನದಿಗಳು ಉಪ್ಪಿನ ಪ್ರಮಾಣವನ್ನು ಇಳಿಸಿರುತ್ತವೆ, ಆಳದ ಪೋಷಕಾಂಶ ತುಂಬಿದ ತಣ್ಣೀರು ಆ ತಿಂಗಳುಗಳಲ್ಲೇ ಮೇಲೆ ಬರುತ್ತದೆ. ಮಲ್ಪೆ ಕಡೆ ಕೆಲವು ವರ್ಷ ರಾತ್ರಿ ಅಲೆ ನೀಲಿಯಾಗಿ ಹೊಳೆಯುವುದನ್ನು ಜನ ನೋಡಲು ಹೋಗುತ್ತಾರಲ್ಲ, ಆ ನಾಕ್ಟಿಲೂಕಾ ಕೂಡ ಒಂದು ಡೈನೋಫ್ಲಾಜೆಲ್ಲೇಟೇ.

ಕಲ್ಲು ಮತ್ತು ಬೆಳಕು

ಹಳೆಯ ಲೇಖನಗಳು ‘ಲೈವ್ ರಾಕ್ ಹಾಕಿ, ಪಾಚಿ ಬರುವುದಿಲ್ಲ’ ಎನ್ನುತ್ತವೆ. ಲೈವ್ ರಾಕ್ ಅಂದರೆ ಜೀವಿಗಳ ಸಮೇತ ಹವಳದ ದಿಬ್ಬದಿಂದ ಕಿತ್ತ ಕಲ್ಲು, ಅದು ನಮ್ಮಲ್ಲಿ ಕಾನೂನುಬಾಹಿರ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಹಾಗಾಗಿ ನಾವೆಲ್ಲ ಒಣಕಲ್ಲಿನವರು. ಒಣಕಲ್ಲಿನ ತೊಂದರೆ ಎರಡು. ಅದರ ಮೈಯೆಲ್ಲ ಖಾಲಿ ಸೈಟಿನ ಹಾಗೆ, ಮೊದಲು ಬಂದವರು ಬೇಲಿ ಹಾಕಿಕೊಳ್ಳುತ್ತಾರೆ, ಮೊದಲು ಬರುವುದು ಪಾಚಿಯೇ. ಎರಡನೆಯದಾಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಫಾಸ್ಫೇಟನ್ನು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ನಿಧಾನ ಬಿಡುತ್ತದೆ. ಕಲ್ಲನ್ನು ಟ್ಯಾಂಕಿಗೆ ಹಾಕುವ ಮುಂಚೆ ಬಕೆಟ್ಟಿನಲ್ಲಿ ವಾರ ನೆನೆಸಿ ಆ ನೀರಿನ ಫಾಸ್ಫೇಟ್ ಅಳೆಯಿರಿ. 0.1 ಪಿಪಿಎಂ ದಾಟಿದರೆ ನೀರು ಚೆಲ್ಲಿ ಮತ್ತೆ ನೆನೆಸಿ.

ಬೆಳಕಿನ ವಿಷಯ ಚಿಕ್ಕದು. ಅಮೋನಿಯಾ ಹೋಗಿ ನೈಟ್ರೈಟ್, ಅದು ಹೋಗಿ ನೈಟ್ರೇಟ್ ಆಗುವ ಆ ಮೊದಲ ನಾಲ್ಕರಿಂದ ಆರು ವಾರ ಬ್ಯಾಕ್ಟೀರಿಯಾಗಳಿಗೆ ಬೆಳಕೇ ಬೇಡ. ಒಳಗೆ ಹವಳ ಇಲ್ಲದಿದ್ದರೆ ಲೈಟ್ ಹಾಕಲೇಬೇಡಿ. ನೆಂಟರು ಬಂದಾಗ ತೋರಿಸಲು ಹಾಕಿದ್ದು ನಾನು, ದಿನಕ್ಕೆ 12 ಗಂಟೆ. ಹವಳ ಬಂದ ಮೇಲೂ ಮೊದಲ ಮೂರು ತಿಂಗಳು 6–7 ಗಂಟೆ ಸಾಕು, ಬಿಳಿ ಕಡಿಮೆ, ನೀಲಿ ಹೆಚ್ಚು. ಟೈಮರ್ ಹಾಕಿ, ಮರೆವಿನ ಮೇಲೆ ಬಿಡಬೇಡಿ. ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲು ಗಾಜಿನ ಒಂದು ಮೂಲೆಗೆ ಬೀಳುತ್ತಿದ್ದರೆ ಆ ಮೂಲೆಯಲ್ಲೇ ಹಸಿರು ದಪ್ಪಗಿರುತ್ತದೆ, ನೋಡಿದರೆ ಗೊತ್ತಾಗುತ್ತದೆ.

ಸೊನ್ನೆ ತೋರಿಸುವ ಟೆಸ್ಟ್ ಕಿಟ್

ಕೂದಲು ಪಾಚಿ ಗದ್ದೆಯಂತೆ ಬೆಳೆದ ಟ್ಯಾಂಕಿನಲ್ಲಿ ನೈಟ್ರೇಟ್ 0, ಫಾಸ್ಫೇಟ್ 0 ಬಂದರೆ ಕಿಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ಬಂದದ್ದನ್ನೆಲ್ಲ ಪಾಚಿಯೇ ತಿಂದು ಮೈಗೆ ಹಾಕಿಕೊಂಡಿದೆ, ನೀರಿನಲ್ಲಿ ಅಳೆಯಲು ಉಳಿದಿಲ್ಲ ಅಷ್ಟೇ. ಇಲ್ಲಿ ಕೈಯಿಂದ ಕೀಳುವುದೇ ಮೊದಲ ಕೆಲಸ. ಸಾಧ್ಯವಾದರೆ ಕಲ್ಲನ್ನೇ ಹೊರತೆಗೆದು, ಟ್ಯಾಂಕಿನಿಂದ ತೆಗೆದ ಉಪ್ಪುನೀರಿನ ಬಕೆಟ್ಟಿನಲ್ಲಿ ಬ್ರಷ್‌ನಿಂದ ಉಜ್ಜಿ. ನಲ್ಲಿ ನೀರಿನಲ್ಲಿ ತೊಳೆದರೆ ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಸತ್ತು ಮತ್ತೆ ಮೊದಲಿನಿಂದ ಆಟ. ಒಳಗೇ ಕೀಳುವುದಾದರೆ ಬ್ರಷ್‌ಗೆ ಶಾವಿಗೆ ಸುತ್ತಿದ ಹಾಗೆ ಸುತ್ತಿ ಎಳೆಯುತ್ತಾ, ಪಕ್ಕದಲ್ಲೇ ಪೈಪಿನಿಂದ ಹೀರಿಸಿ. ತೇಲಿದ ಒಂದು ಚೂರೂ ಇನ್ನೊಂದು ಕಡೆ ಬೇರು ಬಿಡುತ್ತದೆ. ಆಮೇಲೆ ಮೀನಿನ ಊಟ ಅರ್ಧ ಮಾಡಿ, ಫ್ರೋಜನ್ ಆಹಾರವನ್ನು ಜಾಲರಿಯಲ್ಲಿ ಹಾಕಿ ತೊಳೆದು ಕೊಡಿ, ವಾರಕ್ಕೆ 10–15 ಶೇಕಡಾ ನೀರು ಬದಲಿಸಿ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ಹಾಕುವುದಿದ್ದರೆ ಪೊಟ್ಟಣದ ಮೇಲೆ ಹೇಳಿದ್ದರ ಕಾಲುಭಾಗದಿಂದ ಶುರುಮಾಡಿ. ಗುರಿ 0.03ರಿಂದ 0.1 ಪಿಪಿಎಂ. ಸೊನ್ನೆಗೆ ಮಾತ್ರ ಇಳಿಸಬೇಡಿ, ಅದರ ಕಥೆ ಮುಂದೆ ಬರುತ್ತದೆ.

ಎಳೆಗಳು ಕೂದಲಿನಂತಿರದೆ ಪುಟ್ಟ ಗರಿಯಂತೆ ಎರಡೂ ಬದಿ ಕವಲೊಡೆದಿದ್ದರೆ ಅದು ಬ್ರಯೋಪ್ಸಿಸ್. ಬಸವನಹುಳು ಅದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹವ್ಯಾಸಿಗಳು ಇದಕ್ಕೆ ಶಿಲೀಂಧ್ರದ ಮದ್ದಾದ ಫ್ಲುಕೊನಜೋಲ್ ಬಳಸುತ್ತಾರೆ, ಲೀಟರಿಗೆ ಸುಮಾರು 5 ಮಿಲಿಗ್ರಾಂ, ಎರಡು ವಾರ, ಆ ಹೊತ್ತಿನಲ್ಲಿ ಫಿಲ್ಟರಿನ ಕಾರ್ಬನ್ (ಮದ್ದನ್ನೂ ವಿಷವನ್ನೂ ಹೀರುವ ಇದ್ದಿಲು) ತೆಗೆದಿಟ್ಟು.

ಸಿಹಿನೀರಿನ ಮೀನಿಗೆಂದು ಮಾರುವ ಪಾಚಿನಾಶಕ ಬಾಟಲಿಗಳನ್ನು ಇಲ್ಲಿ ತರಲೇಬೇಡಿ. ಹಲವದರಲ್ಲಿ ತಾಮ್ರವಿರುತ್ತದೆ. ತಾಮ್ರ ಬಸವನಹುಳು, ಸಿಗಡಿ, ಹವಳವನ್ನೆಲ್ಲ ಕೊಲ್ಲುತ್ತದೆ, ಕಲ್ಲಿಗೂ ಹಿಡಿದುಕೊಳ್ಳುತ್ತದೆ.

ಕೆಂಪು ಹಾಳೆ

ಸಯನೋ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಆರೋಗ್ಯಕ್ಕೆಂದು ನುಂಗುವ ಸ್ಪಿರುಲಿನಾ ಮಾತ್ರೆಯೂ ಇದೇ ಬಳಗದ್ದು, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದನ್ನು ಬೆಳೆಸುವ ಕೆಲಸ ಮಾಡಿದೆ. ಟ್ಯಾಂಕಿನಲ್ಲಿ ಅದು ಕೂರುವುದು ನೀರು ನಿಂತಲ್ಲಿ, ಕಸ ಸೇರಿದಲ್ಲಿ. ಕಲ್ಲಿನ ಹಿಂದೆ ಒಂದು ಚಿಟಿಕೆ ಆಹಾರ ಬಿಟ್ಟು ಎಲ್ಲಿ ಅಲುಗದೆ ಕೂರುತ್ತದೆ ನೋಡಿ. ಪವರ್‌ಹೆಡ್ (ನೀರು ತಳ್ಳುವ ಪಂಪ್) ಅನ್ನು ಅತ್ತ ತಿರುಗಿಸಿ, ಹಾಳೆಯನ್ನು ಹೀರಿ ತೆಗೆಯಿರಿ. ಅರ್ಧ ತೊಂದರೆ ಅಷ್ಟಕ್ಕೇ ಮುಗಿಯುತ್ತದೆ. ಉಳಿದದ್ದಕ್ಕೆ ಮೂರು ದಿನ ಟ್ಯಾಂಕಿಗೆ ಕಪ್ಪು ಬಟ್ಟೆ ಹೊದಿಸಿ, ಗಾಳಿ ಪಂಪ್ ಓಡುತ್ತಿರಲಿ. ಬ್ಯಾಕ್ಟೀರಿಯಾ ಆದ್ದರಿಂದ ಆ್ಯಂಟಿಬಯಾಟಿಕ್ ಆದ ಎರಿಥ್ರೊಮೈಸಿನ್‌ಗೆ ಸಾಯುತ್ತದೆ ಎನ್ನುವುದು ನಿಜ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ ಎಂದು ಹಾಕಬೇಡಿ. ಕಷ್ಟಪಟ್ಟು ಆರು ವಾರ ಬೆಳೆಸಿದ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಅದರಿಂದ ಅಪಾಯ.

ಡೈನೋ: ನಾನೇ ಕರೆದು ತಂದ ಅತಿಥಿ

ಆ ಮೂರು ಬಾಟಲಿಯಲ್ಲಿ ಕೊನೆಯದು ಫಾಸ್ಫೇಟ್ ತೆಗೆಯುವಂಥದ್ದು. ಹದಿನೈದು ದಿನದಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ನಾನು ಹಿಗ್ಗಿದೆ. ಸಾಧಾರಣ ಪಾಚಿಗಳು, ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಹಸಿದು ಜಾಗ ಬಿಟ್ಟವು. ಬೆಳಕಿನಿಂದಲೂ ಬದುಕಬಲ್ಲ, ಬೇಟೆಯಾಡಿಯೂ ಬದುಕಬಲ್ಲ ಡೈನೋಗೆ ಬಾಗಿಲು ತೆರೆದು ಕೊಟ್ಟಂತಾಯಿತು. ಲೋಳೆ ಕಂಡು ಇನ್ನಷ್ಟು ನೀರು ಬದಲಿಸಿದೆ, ಇನ್ನಷ್ಟು ಹೆಚ್ಚಿತು. ಬಸವನಹುಳುಗಳು ಒಂದೊಂದೇ ಗಾಜಿನಿಂದ ಬಿದ್ದವು, ವಯಸ್ಸಾಯಿತೇನೋ ಅಂದುಕೊಂಡೆ.

ಆಸ್ಟ್ರಿಯಾಪ್ಸಿಸ್‌ನ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಜಾತಿಯ ವಿಷವಿದೆ. 2005ರಲ್ಲಿ ಇಟಲಿಯ ಜಿನೋವಾ ಕಡಲತೀರದಲ್ಲಿ ಅದು ಹಬ್ಬಿದಾಗ ಸುಮಾರು 200 ಜನ ಕೆಮ್ಮು, ಜ್ವರ, ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಹೋಗಿದ್ದರು. ಪೈಪನ್ನು ಬಾಯಲ್ಲಿ ಎಳೆದು ನೀರು ಇಳಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಈ ಟ್ಯಾಂಕಿನಲ್ಲಿ ಅದು ಬೇಡ. ಕೈಗವಸು ಹಾಕಿಯೇ ಕೈ ಇಡಿ.

ಮಾಡಬೇಕಾದ್ದು ಉಳಿದೆಲ್ಲಕ್ಕೂ ಉಲ್ಟಾ. ಫಾಸ್ಫೇಟ್ ಹೀರುವುದನ್ನು ಹೊರಗೆ ತೆಗೆಯಿರಿ, ನೀರು ಬದಲಿಸುವುದು ನಿಲ್ಲಿಸಿ, ಮೀನಿಗೆ ಊಟ ಹೆಚ್ಚಿಸಿ. ನೈಟ್ರೇಟ್ 5–10, ಫಾಸ್ಫೇಟ್ 0.1ರ ಆಸುಪಾಸು ಬರಬೇಕು. ಊಟದಿಂದ ಏರದಿದ್ದರೆ ಅಕ್ವೇರಿಯಂಗೆಂದೇ ಬರುವ ನೈಟ್ರೇಟ್, ಫಾಸ್ಫೇಟ್ ದ್ರಾವಣ ಹನಿಹನಿಯಾಗಿ ಹಾಕಿ ದಿನವೂ ಅಳೆಯಿರಿ. ಮೈಕ್ರೋಸ್ಕೋಪಿನಲ್ಲಿ ಕಂಡ ಆ ಗಾಣದ ಸುತ್ತಾಟ ಇಲ್ಲಿ ಕೆಲಸಕ್ಕೆ ಬರುತ್ತದೆ. ಆಸ್ಟ್ರಿಯಾಪ್ಸಿಸ್ ರಾತ್ರಿ ಕಲ್ಲು ಬಿಟ್ಟು ನೀರಿಗೆ ಏಳುತ್ತದೆ, ಆಗ ಆ ನೀರನ್ನು ಯುವಿ (ನೇರಳಾತೀತ) ದೀಪದಲ್ಲಿ ಹಾಯಿಸಿದರೆ ಸಾಯುತ್ತದೆ. 200 ಲೀಟರಿಗೆ 18 ವಾಟ್ ದೀಪ ಹಾಕಿದೆ, ನೀರನ್ನು ಟ್ಯಾಂಕಿನಿಂದಲೇ ಎಳೆದು ಟ್ಯಾಂಕಿಗೇ ಬಿಟ್ಟೆ, ಸಂಪ್‌ಗೆ ಅಲ್ಲ. (ಸಂಪ್ ಅಂದರೆ ಗೇಟಿನ ಹತ್ತಿರದ್ದಲ್ಲ, ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ. ಒಬ್ಬರು ನಿಜಕ್ಕೂ ಗೇಟಿನ ಹತ್ತಿರ ಹೋಗಿದ್ದರು.) ಮೊದಲ ಮೂರು ದಿನ ಕತ್ತಲೆ, ಆಮೇಲೆ ನೀಲಿ ಬೆಳಕು ಮಾತ್ರ. ಒಳ್ಳೆಯ ಕಾರ್ಬನ್ ಇಟ್ಟರೆ ಸಾಯುವಾಗ ಬಿಡುವ ವಿಷ ಹೀರುತ್ತದೆ. ಹಾಗೆ ಸುತ್ತದೆ, ಮರಳಿನೊಳಗೆ ಜಾರಿಕೊಂಡು ಓಡಾಡುವ ಆಂಫಿಡಿನಿಯಂ ಎಂಬ ಡೈನೋ ಆದರೆ ಅದು ರಾತ್ರಿಯೂ ಮೇಲೇಳುವುದಿಲ್ಲ, ಯುವಿ ಹಾಕಿದರೂ ದಂಡ. ಅದಕ್ಕೆ ಸಿಲಿಕೇಟ್ ಹಾಕಿ ಬೇಕೆಂದೇ ಡಯಾಟಮ್ ಬೆಳೆಸಿ ಜಾಗ ಕಸಿಯುವ ಉಪಾಯ ಬಳಕೆಯಲ್ಲಿದೆ. ಮೂರನೇ ವಾರ ನಾನು ಓಡಿಸಲು ಹೊರಟಿದ್ದೆನಲ್ಲ, ಅದೇ ಡಯಾಟಮ್.

ನನ್ನ ಟ್ಯಾಂಕು ಸರಿಯಾಗಲು ಆರು ವಾರ ಹಿಡಿಯಿತು. ನಡುವೆ ಹಸಿರು ಪಾಚಿ ಗಾಜಿಗೆ ಹಿಡಿದಾಗ ಮನೆಯಲ್ಲಿ ಎಲ್ಲರೂ ಮುಖ ಸಿಂಡರಿಸಿದರು. ನನಗೆ ಮಾತ್ರ ಖುಷಿ.

ಕೆಲಸಗಾರರನ್ನು ಬಿಡುವ ಹೊತ್ತು

ಬಸವನಹುಳು, ಸನ್ಯಾಸಿ ಏಡಿಗಳನ್ನು ತಿನ್ನಲು ಏನಾದರೂ ಬೆಳೆದ ಮೇಲೆ ಬಿಡಿ, ಡೈನೋ ಇರುವಾಗ ಬೇಡ. 200 ಲೀಟರಿಗೆ ಹತ್ತು ಹನ್ನೆರಡರಿಂದ ಶುರುಮಾಡಿ, ಕಡಿಮೆಯಾದರೆ ಆಮೇಲೆ ಸೇರಿಸಬಹುದು. ಆಸ್ಟ್ರಿಯಾ ಎಂಬ ಜಾತಿಯ ಬಸವನಹುಳು ಮಗುಚಿ ಬಿದ್ದರೆ ತಾನಾಗಿ ಏಳಲಾರದು, ದಿನಾ ಒಮ್ಮೆ ನೋಡಿ ನೆಟ್ಟಗೆ ಮಾಡಬೇಕು. ಮರಳು ಶುಚಿಗೆ ಸಮುದ್ರ ಸೌತೆ ತರಲು ಯಾರಾದರೂ ಹೇಳಿದರೆ ಬೇಡ ಅನ್ನಿ, ಅದೂ ಹವಳದಂತೆ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ.

ಆರನೇ ತಿಂಗಳಲ್ಲಿ ಅತ್ತೆ ಊರಿಂದ ಬಂದವರು ಕಲ್ಲಿನ ಮೇಲೆ ಗುಲಾಬಿ ಚುಕ್ಕಿಗಳನ್ನು ನೋಡಿ, ‘ಇದೊಂದು ಹೊಸದು ಹಿಡಿದಿದೆ, ಉಜ್ಜಲಾ?’ ಅಂದರು. ಕೈ ಹಿಡಿದು ನಿಲ್ಲಿಸಿದೆ. ಅದು ಕೊರಾಲಿನ್, ಸುಣ್ಣ ಕಟ್ಟಿಕೊಂಡು ಗಟ್ಟಿಯಾಗುವ ಪಾಚಿ. ಅದು ಕೂತ ಜಾಗದಲ್ಲಿ ಕೂದಲು ಪಾಚಿಗೆ ಬೇರು ಬಿಡುವುದು ಕಷ್ಟ. ಮುಂದಿನ ಗಾಜಿಗೆ ಬಂದದ್ದನ್ನು ಮಾತ್ರ ಬ್ಲೇಡಿನಿಂದ ಕೆರೆದು, ಕಲ್ಲಿನ ಮೇಲಿನದನ್ನು ಹಾಗೇ ಬಿಡಿ.